ನಮ್ಮ ಮನೆಶಾಲೆಯ ಮರಿ ಮಹೋತ್ಸವ

“ಇನ್ನು ಮುಂದೆ ನನ್ನ ಮಕ್ಕಳಿಗೆ ನಾನೇ ಶಾಲೆ!” ಎಂದು ಊಟದ ಮೇಜು ಗುದ್ದಿ ಘೋಷಿಸಿದೆ. ನೀರಿನ ಲೋಟ ಹಾರಿ ನನ್ನ ತೊಡೆಯ ಮೇಲೇ ಬಿತ್ತು. ಮಹತ್ಕಾರ್ಯಗಳ ಆರಂಭದಲ್ಲಿ ಇಂಥ ಸಣ್ಣಪುಟ್ಟ ವಿಘ್ನ ಇದ್ದದ್ದೇ ಎಂದು ಒರೆಸಿಕೊಂಡೆ.

ನನ್ನ ಹೆಂಡತಿ ದಂತವೈದ್ಯೆ. ಹಗಲೆಲ್ಲ ಊರವರ ಬಾಯಿ ತೆರೆಸುವುದು ಅವಳ ಕಸುಬು, ಸಂಜೆ ಬಂದು ನನ್ನ ಬಾಯಿ ಮುಚ್ಚಿಸುವುದು ಹವ್ಯಾಸ.

“ಶಾಲೆ ಅಂದ್ರೆ ಕಟ್ಟಡ ಬೇಕು, ಮೇಷ್ಟ್ರು ಬೇಕು, ತಾಳ್ಮೆ ಬೇಕು. ನಿಮ್ಮ ಹತ್ರ ಯಾವುದಿದೆ?”

“ಕಟ್ಟಡ ಇದೆಯಲ್ಲ!”

“ಅದು ಬಾಡಿಗೇದು.”

ನಾನು ಸೋಲುವ ಆಸಾಮಿಯಲ್ಲ. ನನ್ನ ವೃತ್ತಿ ಮನೆಯಲ್ಲೇ ಕೂತು ಯಂತ್ರಗಳಿಗೆ ಕೈಪಿಡಿ ಬರೆಯುವುದು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರ ಕೊಂಡಾಗ ಪೆಟ್ಟಿಗೆಯ ತಳದಲ್ಲಿ ಥರ್ಮೋಕೋಲಿನ ಕೆಳಗೆ ಒಂದು ಪುಸ್ತಕ ಸಿಗುತ್ತದಲ್ಲ, ನೀವು ತೆರೆಯದೆ ಎಸೆಯುತ್ತೀರಲ್ಲ, ಅದರ ಲೇಖಕ ನಾನೇ! ಜನ್ಮದಲ್ಲಿ ಒಬ್ಬ ಓದುಗನನ್ನೂ ಕಾಣದ ಲೇಖಕನಿಗೆ ಮನೆಯಲ್ಲೇ ಇಬ್ಬರು ವಿದ್ಯಾರ್ಥಿಗಳಿದ್ದರೆ ಬಿಡುತ್ತಾನೆಯೇ?

ವಿದ್ಯಾರ್ಥಿಗಳ ಪರಿಚಯ ಮಾಡಿಕೊಡುತ್ತೇನೆ. ದೊಡ್ಡ ಮಗಳಿಗೆ ಹನ್ನೊಂದು ವರ್ಷ. ಒಂದು ಮಾತಿಗೆ ನಾಲ್ಕು ಮಾತು ಎಸೆಯುವುದರಿಂದ ಮನೆಯಲ್ಲಿ ಅವಳು ‘ಲಾಯರ್’. ಚಿಕ್ಕವಳಿಗೆ ಆರು. ಬೆಳಗಿನಿಂದ ಸಂಜೆಯವರೆಗೆ “ಯಾಕೆ? ಯಾಕೆ?” ಎಂಬ ಒಂದೇ ತಂತಿ ಮೀಟುವುದರಿಂದ ಅವಳು ‘ಪಿಟೀಲು’.

ಸುದ್ದಿ ಹೆಂಡತಿಯ ಅಣ್ಣನ ಕಿವಿಗೆ ಬಿತ್ತು. ಈ ಭಾವ ದೊಡ್ಡದೊಂದು ಶಾಲೆಯ ಹೆಡ್‌ಮಾಸ್ಟರು. ಬಂದು, ಕೂತು, ಕನ್ನಡಕ ಒರೆಸಿ, ಷರತ್ತು ಹಾಕಿದರು.

“ಬೇಸಿಗೆ ಪೂರ್ತಿ ನಿಮಗೆ ಬಿಟ್ಟಿದ್ದೀನಿ. ಕೊನೆಗೆ ನಾನೇ ಬಂದು ನೋಡ್ತೀನಿ. ಏನಾದ್ರೂ ಕಲಿತಿದ್ರೆ ಮಕ್ಕಳು ಮನೇಲೇ ಇರಲಿ. ಇಲ್ಲಾಂದ್ರೆ ಇಬ್ಬರೂ ನನ್ನ ಶಾಲೆಗೆ.”

“ಒಪ್ಪಿದೆ!” ಎಂದೆ. ಈ ಸಲ ಮೇಜು ಗುದ್ದಲಿಲ್ಲ.

ಗುಟ್ಟೊಂದನ್ನು ನಿಮಗೆ ಮಾತ್ರ ಹೇಳುತ್ತೇನೆ. ಶಿಕ್ಷಣ ಗಿಕ್ಷಣ, ಕ್ರಾಂತಿ ಗೀಂತಿ ಎಲ್ಲ ಬಾಯಿಮಾತು. ಮಕ್ಕಳು ಶಾಲೆಗೂ ಹೆಂಡತಿ ಕ್ಲಿನಿಕ್ಕಿಗೂ ಹೋದರೆ ಹಗಲೆಲ್ಲ ಆ ಮನೆಯಲ್ಲಿ ಉಳಿಯುವವರು ನಾನು ಮತ್ತು ಮಿಕ್ಸಿ. ಅದಕ್ಕೋ ಮೂರೇ ಮೂರು ಸ್ವರ. ನನಗೆ ಮಕ್ಕಳು ಮನೆಯಲ್ಲಿರಬೇಕಿತ್ತು, ಅಷ್ಟೇ.

ಮರುದಿನವೇ ನಾನು ಕುಲಪತಿಯಾದೆ. ಪಠ್ಯಕ್ರಮ ತಯಾರಾಯಿತು. ಒಗೆದ ಬಟ್ಟೆ ಮಡಚುವುದು ರೇಖಾಗಣಿತ. ಪಾತ್ರೆ ತೊಳೆಯುವುದು ರಸಾಯನಶಾಸ್ತ್ರ. ಸೋಫಾದ ಅಡಿ ಗುಡಿಸುವುದು ಪುರಾತತ್ವ. ಮೊದಲ ಉತ್ಖನನದಲ್ಲೇ ನನ್ನ ಕಳೆದುಹೋದ ಹಲ್ಲುಜ್ಜುವ ಬ್ರಷ್ಷು ಸಿಕ್ಕಿತು!

“ಅಪ್ಪ, ಅಮ್ಮ ನಿಮಗೆ ಹೇಳಿದ ಕೆಲಸವೆಲ್ಲ ನಮ್ಮ ಸಿಲಬಸ್ಸಿನಲ್ಲೇ ಯಾಕೆ ಬರುತ್ತೆ?” ಎಂದಳು ಲಾಯರ್.

“ಅದು ಕಾಕತಾಳೀಯ.”

“ಅದು ಯಾವ ಸಬ್ಜೆಕ್ಟು?”

ಹೊರಸಂಚಾರಗಳೂ ನಡೆದವು. ವಸ್ತುಸಂಗ್ರಹಾಲಯದಲ್ಲಿ ಮೂಲೆಯ ಮಡಕೆಯೊಂದರ ಮುಂದೆ ನಿಂತು ಅದರ ಪ್ರಾಚೀನತೆ, ಕುಸುರಿ, ಕಂಠದ ಬಾಗು ಎಲ್ಲವನ್ನೂ ಗಂಟಲು ಕಟ್ಟುವ ತನಕ ವರ್ಣಿಸಿದೆ. ನಾಲ್ಕು ಜನ ಅಪರಿಚಿತರೂ ಸೇರಿ ತಲೆದೂಗಿದರು. ಅಷ್ಟರಲ್ಲಿ ಕಾವಲುಗಾರ ಬಂದು “ಸ್ವಲ್ಪ ಸರೀರಿ” ಎಂದು ಅದನ್ನೆತ್ತಿಕೊಂಡು ಹೋಗಿ ಗಿಡಗಳಿಗೆ ನೀರು ಹಾಕಿದ! ಇನ್ನು ಸಮಾರಂಭಗಳಿಗಂತೂ ಲೆಕ್ಕವಿಲ್ಲ. ಏಳರ ಮಗ್ಗಿ ಮುಗಿದರೆ ಕೇಕು, ಮಗ್ಗಿ ಮರೆತುಹೋದರೆ ಸಾಂತ್ವನಕ್ಕೆ ಇನ್ನೊಂದು ಕೇಕು. ಪಿಟೀಲಿನ ಹಾಲುಹಲ್ಲು ಬಿದ್ದ ದಿನ ವಿಚಾರಗೋಷ್ಠಿಯನ್ನೇ ಏರ್ಪಡಿಸಿ ಹೆಂಡತಿಯನ್ನು ಮುಖ್ಯ ಅತಿಥಿಯಾಗಿ ಕರೆದೆ. ಅವಳು ಒಂದೇ ವಾಕ್ಯದ ಭಾಷಣ ಮಾಡಿದಳು: “ಕೇಕು ಕಡಿಮೆ ಮಾಡಿ.”

ಆದರೆ ಹೆಡ್‌ಮಾಸ್ಟರನ್ನು ದಂಗುಬಡಿಸಲು ದೊಡ್ಡದೇನಾದರೂ ಬೇಕಿತ್ತಲ್ಲ? ಆಗ ಹೊಳೆದದ್ದೇ ಮೊಟ್ಟೆ ಮರಿ ಮಾಡುವ ಯೋಜನೆ. ಜೀವಶಾಸ್ತ್ರದ ಪರಾಕಾಷ್ಠೆ! ಬೀದಿ ತುದಿಯ ದೊಡ್ಡ ಅಂಗಡಿಗೆ ಹೋಗಿ, ಇದ್ದುದರಲ್ಲೇ ದುಬಾರಿಯಾದ ಆರು ಮೊಟ್ಟೆಗಳ ಡಬ್ಬಿ ತಂದೆ. ರಟ್ಟಿನ ಪೆಟ್ಟಿಗೆಗೆ ಬಲ್ಬು ಜೋಡಿಸಿ, ಥರ್ಮಾಮೀಟರು ತೂಗುಹಾಕಿ, ಮೊಟ್ಟೆಗಳನ್ನು ಡಬ್ಬಿಯ ಸಮೇತ ಒಳಗಿಟ್ಟೆ. ಮೂರು ವಾರಕ್ಕೆ ಮರಿ! ಆ ಭಾನುವಾರಕ್ಕೆ ಸರಿಯಾಗಿ ‘ಮರಿ ಮಹೋತ್ಸವ’ ಎಂದು ಭಾವನಿಗೆ ಆಮಂತ್ರಣವನ್ನೂ ಕಳಿಸಿಬಿಟ್ಟೆ.

ಪಿಟೀಲಿನ ಪ್ರಪಂಚವೇ ಆ ಪೆಟ್ಟಿಗೆಯಾಯಿತು. ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲು ಅದರ ಮುಂದೆ ಹಾಜರು. ಮಧ್ಯಾಹ್ನ ರಟ್ಟಿಗೆ ಬಾಯಿ ಹಚ್ಚಿ ಮೊಟ್ಟೆಗಳಿಗೆ ಕಥೆ ಹೇಳುತ್ತಿದ್ದಳು. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಕೈಪಿಡಿ ಬರೆಯುವ ಕೆಲಸ ಹಿಂದೆ ಬಿದ್ದರೂ ಪರವಾಗಿಲ್ಲ ಎನ್ನಿಸುತ್ತಿತ್ತು.

ನಡುವೆ ಭೂಗೋಳ ಪಾಠಕ್ಕೆಂದು ಸಮುದ್ರ ತೀರಕ್ಕೆ ಹೊರಟೆವು. ಒಂದು ರಾತ್ರಿ ಅಲ್ಲೇ ವಾಸ್ತವ್ಯ. “ಮೊಟ್ಟೆಗಳ ಗತಿ?” ಎಂದಳು ಹೆಂಡತಿ. “ಬಲ್ಬು ನೋಡ್ಕೊಳ್ಳುತ್ತೆ. ಕೋಳಿ ಕೂಡ ಆಗಾಗ ಎದ್ದು ಕಾಲು ಆಡಿಸಿ ಬರುತ್ತೆ” ಎಂದು ಸಮಾಧಾನ ಹೇಳಿದೆ. ಎಲ್ಲರೂ ಕಾರಿನಲ್ಲಿ ಕೂತ ಮೇಲೆ, ನಾನು ಮಾತ್ರ ಜವಾಬ್ದಾರಿಯುತ ಗೃಹಸ್ಥನಂತೆ ಒಳಗೆ ಹೋಗಿ ಬಂದೆ. ಯಾಕೆ ಅಂತೀರಾ? ನಾನು ಬರೆಯುವ ಪ್ರತಿ ಕೈಪಿಡಿಯ ಮೊದಲ ಪುಟದಲ್ಲೂ ದಪ್ಪಕ್ಷರದ ಒಂದು ಸೂಚನೆಯಿರುತ್ತದೆ: ಮನೆ ಬಿಟ್ಟು ಹೊರಡುವ ಮುನ್ನ ಮುಖ್ಯ ಸ್ವಿಚ್ ಆರಿಸಿ. ಆರಿಸಿದೆ! ಆ ಸೂಚನೆಯನ್ನು ಪಾಲಿಸಿದ ಭೂಮಿಯ ಏಕೈಕ ಮನುಷ್ಯ ನಾನೇ ಇರಬೇಕು.

ಮರುದಿನ ಸಂಜೆ ಬಾಗಿಲು ತೆರೆದು ನೇರ ಪೆಟ್ಟಿಗೆಯ ಬಳಿ ಹೋದೆ. ಬಲ್ಬು ಕಣ್ಣುಮುಚ್ಚಿತ್ತು. ಮೊಟ್ಟೆ ಮುಟ್ಟಿದರೆ ನಲ್ಲಿ ನೀರಿನಷ್ಟು ತಣ್ಣಗೆ. ಉಳಿದವರು ಚೀಲ ಇಳಿಸುವಷ್ಟರಲ್ಲಿ ಓಡಿ ಸ್ವಿಚ್ ಎತ್ತಿದೆ. ಬಲ್ಬು ಏನೂ ಆಗಿಲ್ಲವೆಂಬಂತೆ ಉರಿಯಿತು. ನಾನೂ ಏನೂ ಆಗಿಲ್ಲವೆಂಬಂತೆ ನಿಂತೆ. ಪಿಟೀಲು ಚಪ್ಪಲಿ ಕಳಚದೆ ನುಗ್ಗಿ ಬಂದು, “ಅಪ್ಪ, ಅವು ನನ್ನನ್ನ ಮರ್ತಿಲ್ಲ ತಾನೇ?” ಎಂದಳು.

“ಛೇ, ಮರೀತಾವಾ!” ಎಂದೆ.

ಈಗ ಹೇಳಿ, ಆ ಮಗುವಿಗೆ ನಿಜ ಹೇಗೆ ಹೇಳಲಿ? ಹೇಳಿದರೆ ಅವಳ ಅಳು ಒಂದು ಕಡೆ, ಹೆಡ್‌ಮಾಸ್ಟರ ಮುಗುಳ್ನಗೆ ಇನ್ನೊಂದು ಕಡೆ, ಮಕ್ಕಳಿಬ್ಬರೂ ಶಾಲೆಯ ಬಸ್ಸಿನಲ್ಲಿ! ಬಾಯಿಗೆ ಬೀಗ ಜಡಿದುಕೊಂಡೆ. ಮಹೋತ್ಸವದ ಹಿಂದಿನ ದಿನ ಸಂತೆಬೀದಿಯ ಹಕ್ಕಿ ಮಾರುವವನ ಬಳಿ ಕದ್ದು ಹೋದೆ.

“ಒಂದು ಕೋಳಿಮರಿ ಕೊಡಪ್ಪ. ಈಗಷ್ಟೇ ಹುಟ್ಟಿದ ಹಾಗೆ ಕಾಣಬೇಕು.”

“ಇವತ್ತೇನು ಸಾರ್, ಎಲ್ಲರೂ ಒಂದೊಂದೇ ಮರಿ ಕೇಳ್ತಾರೆ! ನೀವೇ ಆರಿಸ್ಕೊಳ್ಳಿ.”

ಎಲ್ಲಕ್ಕಿಂತ ಮುದ್ದಾದ, ಚಪ್ಪಟೆ ಕೊಕ್ಕಿನ ಒಂದನ್ನು ಎತ್ತಿಕೊಂಡೆ. “ಸಾರ್, ಅದು...” ಎಂದು ಅವನು ರಾಗ ಎಳೆದ. “ನನಗೇ ಜೀವಶಾಸ್ತ್ರ ಹೇಳಿಕೊಡಬೇಡ!” ಎಂದು ಗದರಿ ಹೊರಟೆ. ಮರಿ ಆ ರಾತ್ರಿ ನನ್ನ ಬರೆಯುವ ಕೋಣೆಯಲ್ಲಿ ಹಳೆಯ ಕೈಪಿಡಿಗಳ ಮೇಲೆ ಮಲಗಿತು. ನನ್ನ ಕೃತಿಗಳ ಮೇಲೆ ಅದು ವ್ಯಕ್ತಪಡಿಸಿದ ಅಭಿಪ್ರಾಯವನ್ನು ಇಲ್ಲಿ ಬರೆಯಲಾರೆ.

ಭಾನುವಾರ ಬೆಳಗ್ಗೆ ಹೆಂಡತಿ ಸ್ನಾನಕ್ಕೆ ಹೋದ ಹೊತ್ತು ನೋಡಿ ಮರಿಯನ್ನು ಪೆಟ್ಟಿಗೆಯೊಳಗೆ ಬಿಟ್ಟು, ಉದ್ಘಾಟನೆಯವರೆಗೆ ಯಾರೂ ತೆರೆಯಕೂಡದೆಂದು ಕುಲಪತಿಯ ಆಜ್ಞೆ ಹೊರಡಿಸಿ ಮೇಲೊಂದು ಹಾಸಿಗೆ ಬಟ್ಟೆ ಹೊದಿಸಿದೆ. ಆಮೇಲೆ ನೋಡಿದರೆ ಮನೆಯವರ ನಡವಳಿಕೆಯೇ ವಿಚಿತ್ರ! ಹೆಂಡತಿ “ಥರ್ಮಾಮೀಟರ್ ನೋಡ್ಬೇಕು” ಎಂದು ನನ್ನನ್ನು ಕೋಣೆಯಿಂದ ಹೊರಗೆ ಕಳಿಸಿದಳು. ಲಾಯರ್ “ಬಲೂನ್ ಕಟ್ಬೇಕು, ಎಲ್ಲರೂ ಆಚೆ ಹೋಗಿ” ಎಂದಳು. ಪಿಟೀಲು ಹಿತ್ತಲಿನಿಂದ ಫ್ರಾಕಿನ ಮುಂಭಾಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು, ನನ್ನನ್ನು ಕಂಡು ಗಕ್ಕನೆ ನಿಂತಳು. “ಹೊಟ್ಟೆನೋವು” ಎಂದಳು. ಹೊಟ್ಟೆ ಚಿಂವ್ ಎಂದಿತು. ನಾನು ನನ್ನದೇ ಭಯದಲ್ಲಿದ್ದೆ, ಗಮನಿಸಲಿಲ್ಲ.

ಹೇಳಿದ ಹೊತ್ತಿಗೆ ಭಾವ ಬಂದರು. ನಾನು ಗಂಟಲು ಸರಿಮಾಡಿಕೊಂಡು, ಜೀವದ ಉಗಮ, ಅಪ್ಪಂದಿರ ಪಾತ್ರ, ಭವಿಷ್ಯದ ಶಿಕ್ಷಣ ಎಂದು ಸುದೀರ್ಘವಾಗಿ ಮಾತಾಡಿ, “ಇದೋ!” ಎಂದು ಬಟ್ಟೆ ಸೆಳೆದು ಮುಚ್ಚಳ ತೆಗೆದೆ.

ಒಳಗೆ ನಾಲ್ಕು ಮರಿಗಳಿದ್ದವು! ಅವುಗಳ ಪಕ್ಕದಲ್ಲೇ, ಡಬ್ಬಿಯಲ್ಲಿ, ಒಂದು ಗೀರೂ ಬೀಳದ ಆರು ಮೊಟ್ಟೆಗಳು ನುಣ್ಣಗೆ ಹೊಳೆಯುತ್ತಿದ್ದವು.

ಭಾವ ಬಗ್ಗಿ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.

“ಕುಲಪತಿಗಳೇ, ಮೊಟ್ಟೆ ಒಂದೂ ಒಡೆದಿಲ್ಲ. ಮರಿ ಎಲ್ಲಿಂದ ಬಂತು?”

“ಅದು... ಸುಧಾರಿತ ತಳಿ.”

“ಇದರಲ್ಲೊಂದು ಬಾತುಕೋಳಿ ಇದೆಯಲ್ಲ?”

“ಅದು ಐಚ್ಛಿಕ ವಿಷಯ.”

ಹೆಂಡತಿ ನನ್ನನ್ನು ನೋಡಿದಳು, ನಾನು ಹೆಂಡತಿಯನ್ನು. “ನೀವೂ ತಂದ್ರಾ?” “ನೀನೂ ತಂದ್ಯಾ?” ಇಬ್ಬರೂ ಒಟ್ಟಿಗೇ ಕೂಗಿದೆವು. ಫ್ರಿಜ್ಜಿನ ಐಸ್‌ಕ್ರೀಮು ಕರಗಿ ಮತ್ತೆ ಗಟ್ಟಿಯಾಗಿದ್ದನ್ನು ನೋಡಿ ಅವಳಿಗೆ ಅಂದೇ ಕರೆಂಟಿನ ಕಥೆ ಗೊತ್ತಾಗಿತ್ತಂತೆ. “ಪಾಪ, ಚಿಕ್ಕವಳು ಅತ್ತುಬಿಡ್ತಾಳೆ ಅಂತ ಕ್ಲಿನಿಕ್ಕಿಂದ ಬರ್ತಾ ಒಂದು ತಂದೆ. ನೀವು ಬಂದುಬಿಡ್ತೀರಿ ಅಂತ ಒಳಗೆ ನೋಡದೇ ಮುಚ್ಚಳದ ಸಂದಿಯಿಂದ ತೂರಿಸಿದೆ” ಎಂದಳು. ಲಾಯರ್ ಎದ್ದು ನಿಂತು, “ಓವನ್ನಿನ ಗಡಿಯಾರ ಸೊನ್ನೆ ತೋರಿಸ್ತಾ ಮಿಣುಕ್ತಿತ್ತು. ಸಾಕ್ಷಿ ಸಾಕಲ್ವಾ? ನಾನೂ ತಂಗಿಗೋಸ್ಕರ ತಂದೆ” ಎಂದು ಹೇಳಿಕೆ ಕೊಟ್ಟಳು. ಮೂರಾಯಿತು. ಹಾಗಾದರೆ ನಾಲ್ಕನೆಯದು?

ಉತ್ತರ ಹಿತ್ತಲ ಬಾಗಿಲಿನಿಂದ ಹಾರಿ ಬಂತು! ರೆಕ್ಕೆ ಕೆದರಿದ ದೊಡ್ಡದೊಂದು ಕೋಳಿ, ಕೊಕ್ಕೊಕ್ಕೋ ಎಂದು ಲೋಕವನ್ನೇ ಬೈಯುತ್ತ ನುಗ್ಗಿ, ಮಹೋತ್ಸವಕ್ಕೆ ತಂದಿಟ್ಟಿದ್ದ ಕೇಕಿನ ಮೇಲೆ ಒಂದು ಹೆಜ್ಜೆಯಿಟ್ಟು, ಅಲ್ಲಿಂದ ಹೆಡ್‌ಮಾಸ್ಟರ ತಲೆಯ ಮೇಲೆ ಇನ್ನೊಂದಿಟ್ಟು, ಪೆಟ್ಟಿಗೆಯ ಅಂಚಿನಲ್ಲಿ ಕೂತಿತು. ಅದರ ಬೆನ್ನಿಗೇ ಹಿಂದಿನ ಮನೆಯ ಟೈಲರಮ್ಮ, ಕೊರಳಿನಲ್ಲಿ ಅಳತೆ ಟೇಪು ಹಾಕಿಕೊಂಡೇ ಓಡಿ ಬಂದರು.

“ನನ್ನ ಕೋಳಿ ಹುಚ್ಚುಹಿಡಿದ ಹಾಗೆ ಮರಿ ಹುಡುಕ್ತಿದೆ! ಒಂದು ಗಂಟೆಗೆ ಅಂತ ಇಸ್ಕೊಂಡು ಹೋದವಳು ಎಲ್ಲಿ?”

ಎಲ್ಲರೂ ಪಿಟೀಲಿನ ಕಡೆ ತಿರುಗಿದೆವು. ನಾನು ಅವಳ ಮುಂದೆ ಮೊಣಕಾಲೂರಿ ಕೂತೆ.

“ಪುಟ್ಟಿ, ನಿನಗೂ ಗೊತ್ತಿತ್ತಾ?”

“ಬಂದ ದಿನಾನೇ ಮುಟ್ಟಿ ನೋಡ್ದೆ. ತಣ್ಣಗಿತ್ತು. ತುಂಬಾ ಅತ್ತೆ, ಬಚ್ಚಲುಮನೇಲಿ.”

“ಮತ್ತೆ ಆಮೇಲೂ ದಿನಾ ಕಥೆ ಹೇಳ್ತಿದ್ದೆಯಲ್ಲೇ?”

“ನೀವು ಬಾಗಿಲ ಹಿಂದೆ ನಿಂತು ಕೇಳ್ತಿದ್ರಲ್ಲ, ಅದಕ್ಕೆ.”

ನನಗೆ ಮಾತೇ ಹೊರಡಲಿಲ್ಲ. ಇಡೀ ಬೇಸಿಗೆಯಲ್ಲಿ ಅದೇ ಮೊದಲು ಎಂದು ಹೆಂಡತಿ ಆಮೇಲೆ ಹೇಳಿದಳು.

ಅಷ್ಟರಲ್ಲಿ ಭಾವ ತಲೆಯ ಮೇಲಿನ ಕೆನೆ ಒರೆಸಿಕೊಳ್ಳುತ್ತ ಮೊಟ್ಟೆಯ ಡಬ್ಬಿ ಎತ್ತಿ ಮುಚ್ಚಳದ ಮೇಲಿದ್ದುದನ್ನು ಗಟ್ಟಿಯಾಗಿ ಓದಿದರು: “ತಂಪಾದ ಜಾಗದಲ್ಲಿಡಿ. ಬೇಯಿಸಿ ತಿನ್ನಿ.” ಆಮೇಲೆ ನನ್ನತ್ತ ತಿರುಗಿ, “ಸ್ವಾಮಿ, ಇದು ಹುಂಜದ ಮುಖವನ್ನೇ ನೋಡದ ಕೋಳಿ ಇಟ್ಟ ಮೊಟ್ಟೆ. ನೀವು ಬಲ್ಬಲ್ಲ, ಸೂರ್ಯನನ್ನೇ ತಂದು ಹಚ್ಚಿದ್ರೂ ಇದು ಮರಿಯಾಗ್ತಿರಲಿಲ್ಲ. ಅಲ್ರೀ, ಊರಿಗೆಲ್ಲ ಸೂಚನೆ ಬರೆಯೋರು ಡಬ್ಬಿ ಮೇಲಿನ ಎರಡು ಸಾಲು ಓದಲಿಲ್ವಾ?” ಎಂದರು.

ನಾನು ಇಂಗು ತಿಂದ ಮಂಗನಂತೆ ನಿಂತೆ. ಸುಮ್ಮನೆ ಒಂದು ವಾರ ಊಟ ಸೇರದೆ ಕೊರಗಿದ್ದೆನಲ್ಲ! ಟೈಲರಮ್ಮ ನಕ್ಕರು, ಹೆಂಡತಿ ನಕ್ಕಳು, ಬಾತುಕೋಳಿ ಮರಿಯೂ ಕ್ವಾಕ್ ಎಂದಿತು. ಭಾವ ಮಾತ್ರ ಗಂಭೀರವಾಗಿ ಕುರ್ಚಿ ಎಳೆದುಕೊಂಡು ಕೂತರು. ಷರತ್ತಿನ ಗಳಿಗೆ ಬಂದಿತ್ತು.

“ತೀರ್ಪು ನಾನು ಕೊಡಲ್ಲ. ಮಕ್ಕಳೇ, ನೀವೇ ಹೇಳಿ. ನನ್ನ ಶಾಲೇಲಿ ಮೈದಾನ ಇದೆ, ಲೈಬ್ರರಿ ಇದೆ, ಯಾವ ಮೊಟ್ಟೆ ಮರಿಯಾಗುತ್ತೆ ಅಂತ ಗೊತ್ತಿರೋ ಮೇಷ್ಟ್ರಿದ್ದಾರೆ. ಬರ್ತೀರಾ? ಇಲ್ಲೇ ಇರ್ತೀರಾ?”

ಇಬ್ಬರೂ ಮೂಲೆಗೆ ಹೋಗಿ ಪಿಸುಗುಟ್ಟಿದರು. ಆ ಪಿಸುಮಾತು ಮುಗಿಯುವಷ್ಟರಲ್ಲಿ ನಾನು ಎರಡು ಲೋಟ ನೀರು ಕುಡಿದೆ. ಮೈದಾನಕ್ಕೆ ನನ್ನ ಬಳಿ ಏನು ಉತ್ತರವಿತ್ತು? ಲಾಯರ್ ಮುಂದೆ ಬಂದು ನಿಂತಳು.

“ಮಾವ, ನಾವು ಮನೇಲೇ ಇರ್ತೀವಿ.”

ಆಹಾ! ಎದೆ ಒಂದೂವರೆ ಪಾಲು ಉಬ್ಬಿತು. ಹೋಗಿದ್ದ ಮಾನ, ಕುಲಪತಿ ಪದವಿ, ನಾಲಿಗೆ ಎಲ್ಲವೂ ಒಟ್ಟಿಗೆ ವಾಪಸು ಬಂದವು. “ನೋಡಿದ್ರಾ ಭಾವ? ಕಟ್ಟಡ, ಮೈದಾನ ಅಲ್ಲ, ಶಿಕ್ಷಣ ಅಂದ್ರೆ ಇದು! ಮಕ್ಕಳು ಗುರುವನ್ನು ಗುರುತಿಸ್ತಾರೆ! ಹೇಳು ಪುಟ್ಟಿ, ಯಾಕೆ ಅಂತ ಮಾವನಿಗೆ ಗಟ್ಟಿಯಾಗಿ ಹೇಳು!” ಎಂದು ಪಿಟೀಲನ್ನು ಎತ್ತಿ ಕುರ್ಚಿಯ ಮೇಲೆ ನಿಲ್ಲಿಸಿದೆ.

ಅವಳು ನನ್ನ ಕೆದರಿದ ಕೂದಲನ್ನು ಸರಿಮಾಡುತ್ತ ಭಾವನಿಗೆ ಹೇಳಿದಳು: “ನಾವಿಬ್ರೂ ಶಾಲೆಗೆ ಹೋದ್ರೆ, ಅಪ್ಪನ್ನ ನೋಡ್ಕೊಳ್ಳೋರು ಯಾರು ಮಾವ?”