ಕಂಪ್ಯೂಟರಿಗೆ ಕಡಿಮಿ ಮಾತಾಡೋದು ಕಲಿಸಿದ್ದು

ಸಿಟ್ಟು ಮಾಡಬಾರದಂತ ದಿನಾ ಮುಂಜಾನೆ ಅನ್ಕೊಂಡ ಮನಿ ಬಿಡತೇನಿ. ಬ್ಯಾಡಗಿ ಪ್ಯಾಟಿ ಮುಟ್ಟೂದ್ರಾಗ ಯಾರರೆ ಒಬ್ಬರು ಬರಿಸೇ ಬಿಡತಾರ. ಹರೇದಾಗ ನಾನು ಹಮಾಲ. ಎರಡು ಬಗಲಾಗ ಎರಡು ಚೀಲ, ಹಲ್ಲಾಗ ಒಂದು ಹಿಡದು ಲಾರಿ ಏರತಿದ್ದೆ. ನಾ ಇಲ್ಲಿ ದರಾ ಕೂಗಿದ್ರ ಹಾವೇರಿಯೊಳಗ ಬರಕೋತಿದ್ರು. ಈಗ ದಲಾಲಿ ಅಂಗಡ್ಯಾಗ ಒಬ್ಬೊಬ್ಬ ರೈತನ ಮೆಣಸಿನಕಾಯಿ ರಾಶಿಗೆ ಲಾಟ್ ನಂಬರ ಹಚ್ಚತೇನಿ. ಪ್ರತಿ ಲಾಟಿನ ವಿವರ ಫೋನಿನಿಂದ ಅಂಗಡಿ ವೆಬ್‌ಸೈಟಿಗೆ ಹನ್ನೆರಡರೊಳಗ ಹೋಗಬೇಕು. ಹೋಗದಿದ್ರ ಅವತ್ತು ಆ ಕಾಯಿ ಕೇಳಾವ್ರ ಇಲ್ಲ.

೧. ಬಡಬಡಿಕೆ

ನನ್ನ ಹೊಲದ ಹತ್ತು ಚೀಲ ಎರಡು ಸಂತಿ ಹಂಗ ಉಳದ್ವು. ಫೋನಿನ್ಯಾಗ ಚಕ್ರ ತಿರಗಾಕತ್ತಿತ್ತು, ಹೊತ್ತು ಮುಗೀತು. ವೆಬ್‌ಸೈಟ್ ಮಾಡಿದ ರಾಣೆಬೆನ್ನೂರಿನ ಇಂಜಿನಿಯರ್ ಹುಡುಗೀನ್ನ ಕರಸಿದೆ.

"ತಂಗಿ, ಇದು ಅಷ್ಟೊತ್ತು ಏನ ಮಾತಾಡತೈತಿ? ಓದು."

ಓದಿದಳು: "ಊರಿನ ಹೆಸರು ಕದರಮಂಡಲಗಿ, ತಾಲೂಕಿನ ಹೆಸರು ಬ್ಯಾಡಗಿ, ಜಿಲ್ಲೆಯ ಹೆಸರು ಹಾವೇರಿ, ಚೀಲಗಳ ಸಂಖ್ಯೆ..."

"ಪ್ರತಿ ಲಾಟಿಗೂ ಹಿಂಗನ?"

"ಹೌದ್ರಿ ಅಜ್ಜಾರ, ಆ ಕಡೆ ಸರ್ವರ್ ಅನ್ನೂ ಕಂಪ್ಯೂಟರಿಗೆ ತಿಳೀಬೇಕಲ್ರಿ."

ನನ್ನ ನೆತ್ತಿ ಸುಟ್ಟಿತು. "ನಾ ಚೀಲ ಎತ್ತೂಮುಂದ 'ಇದು ಚೀಲ, ಇದು ಬೆನ್ನು, ಅದು ಲಾರಿ' ಅಂತ ಒದರಿಕೋತ ನಿಂತಿದ್ದರ ಆವತ್ತಿನ ಲಾರಿ ಇನ್ನೂ ಇಲ್ಲೇ ಇರತಿತ್ತು."

೨. ಊರಿಗೊಂದು ನಂಬರ

ಹೆಂಗ ಮಾಡಬೇಕಂತ ನಾನ ಹೇಳಿಕೊಟ್ಟೆ. ಊರಿಗೊಂದು ನಂಬರ ಕೊಡು. ಮೊದಲು ಲಾಟ್, ಆಮ್ಯಾಲೆ ಊರು, ಆಮ್ಯಾಲೆ ಚೀಲ. ಬರೇ ಮೂರು ನಂಬರ. ಯಾವುದರ ಹಿಂದ ಯಾವುದು ಅನ್ನೂ ಸಾಲು ಫೋನಿಗೂ ಸರ್ವರಿಗೂ ಮೊದಲ ಮಾತಾಗಿರಲಿ. ಮಾಡಿದಳು. ಅಂಗಡಿ ಸಾಹುಕಾರ ಆಕಿಗೆ ಶಾಲು ಹೊಚ್ಚಿದ. ಬುದ್ಧಿ ನಂದು, ಶಾಲು ಆಕೀದು.

ಸಂತಿ ದಿನ ಊರಿನ ಪಟ್ಟಿ ಗ್ವಾಡಿಗೆ ಹಚ್ಚಿದ್ದ ತಡ, ಕುಪ್ಪೇಲೂರಿನ ರೈತ ಎದ್ದ. "ಹೊಸರಿತ್ತಿ ಒಂದು, ನಮ್ಮೂರು ಹದಿನಾಲ್ಕ?"

"ಅದು ಬರೇ ಗುರುತ್ರಿ ಕಾಕಾ" ಅಂದಳು. ಅವ ಬಾಗಲಾಗ ಅಡ್ಡ ಕುಂತ. ಒಂದು ಅವನೂರಿಗೆ ಕೊಟ್ಟಳು. ಹೊಸರಿತ್ತಿಯಾಂವ ಬಂದು ಅಲ್ಲೇ ಕುಂತ.

ಕಡೀಕ ಆಕಿ, "ಹೊಸರಿತ್ತಿಗೆ ಸೊನ್ನೆ ಕೊಟ್ಟೇನ್ರಿ. ಕಂಪ್ಯೂಟರಿನ್ಯಾಗ ಎಣಿಕಿ ಅಲ್ಲಿಂದನ ಶುರು, ಒಂದಕ್ಕಿಂತ ಮೊದಲಿಂದು" ಅಂದಳು. ಇಬ್ಬರೂ ಎದಿ ಉಬ್ಬಿಸಿ ಚಾ ಕುಡಿಯಾಕ ಹೋದ್ರು. ಅಷ್ಟರಾಗ ಹನ್ನೆರಡು ಹೊಡದಿತ್ತು. ನನ್ನ ಲಾಟ್ ಮತ್ತ ಉಳದಿತ್ತು.

೩. ಸಾಲು ಬದಲಿ

ಮುಂದಿನ ಸಂತಿಗೆ ನಾ ಅಂದೆ, "ಪ್ಯಾಟ್ಯಾಗ ನಾವು ಮೊದಲು ಚೀಲ ಹೇಳಾವ್ರು. ನನ್ನ ಲಾಟಿಗೆ ಚೀಲ ಮೊದಲ ಹೋಗ್ಲಿ, ಲಾಟ್ ನಂಬರ ಕಡೀಕ."

"ಸರ್ವರಿನ್ಯಾಗೂ ಬದಲಿ ಮಾಡಬೇಕಾಗತೈತ್ರಿ, ಹೊತ್ತು ಹಿಡೀತೈತಿ."

"ಹನ್ನೆರಡಕ್ಕ ಐದು ಮಿನಿಟ ಐತಿ. ಕಳಸು."

ಕಳಿಸಿದಳು. ನನ್ನ ಲಾಟ್ ನಂಬರ ಆರುನೂರಾ ಹನ್ನೆರಡು. ಸರ್ವರ್ ಹಳೇ ಸಾಲಿನಂಗ ಓದಿ, ಹತ್ತನೇ ಲಾಟು, ಆರುನೂರಾ ಹನ್ನೆರಡು ಚೀಲ ಅಂತ ತೋರಿಸಿತು. ಅಷ್ಟು ದೊಡ್ಡ ರಾಶಿ ಕಂಡು ಹಾವೇರಿಯ ಖರೀದಿದಾರ ಎಲ್ಲರಿಗಿಂತ ಹೆಚ್ಚಿನ ದರಾ ಹಾಕಿ, ಮಧ್ಯಾಹ್ನಕ್ಕ ಮೂರು ಲಾರಿ ತಂದ.

"ಉಳದ ಚೀಲ ಎಲ್ಲಿ?"

"ಇರೂದ ಹತ್ತು."

"ಯಾರಿಗೆ ಮಾರಿದಿ ಹೇಳು."

"ಹತ್ತಂದ್ರ ಹತ್ತು," ಅಂತ ನಾನೂ ಒದರಿದೆ.

ಅವ ಸಾಹುಕಾರನ ಕಡೆ ತಿರಗಿದ. ಸಾಹುಕಾರ ತಲಿ ಕೆರಕೊಂಡು, "ಈ ಅಜ್ಜ ಎಂದೂ ಕಡಿಮಿ ಹೇಳಿದಾವಲ್ರಿ. ಹತ್ತು ಅನ್ನಾಕತ್ತಾನಂದ್ರ ಏನೋ ಐತಿ" ಅಂದ.

ಖರೀದಿದಾರ ಕೈಗೆ ಸಿಕ್ಕಷ್ಟರೆ ಸಿಗಲಿ ಅಂತ ಹತ್ತೂ ಚೀಲ ಅದೇ ದರಕ್ಕ ಒಂದು ಲಾರಿಗೆ ಏರಿಸಿದ. ಮಿಕ್ಕಿದ್ದು ಎಲ್ಲಿ ಮುಚ್ಚಿಟ್ಟೇನಂತ ನೋಡಾಕ ಉಳದ ಎರಡು ಖಾಲಿ ಲಾರಿ ನಮ್ಮೂರು ಕದರಮಂಡಲಗಿಗೆ ಕಳಿಸಿದ. ನನಗ ಬಸ್ ತಪ್ಪಿತ್ತು. ಮುಂದ ಹೊಂಟ ಲಾರ್ಯಾಗ ಕುಂತು ದಾರಿ ತೋರಿಸಿದೆ.