ದಲಾಲಿಯ ಬೆರಳು ಮರೀಲಿಲ್ಲ

ಆದವಾನಿ ದವಾಖಾನಿಗೆ ಕಂಪೌಂಡರ್ ಆಗಿ ಸೇರಿದಾಗಿಂದ ನನ್ನ ತಲಿ ಒಂದು ದಿನಾನೂ ನೆಟ್ಟಗಿದ್ದಿಲ್ಲ. ಅದ್ರಾಗೂ ಹತ್ತಿ ಬಂಡಿ ಮ್ಯಾಲಿಂದ ಬಿದ್ದು ಬಂದ ಆ ದಲಾಲಿ, ಅಬ್ಬಬ್ಬಾ, ಎಲ್ಲರ ತಲಿನೂ ಕೆಡಿಸಿಬಿಟ್ಟ. ಹಳೇದೆಲ್ಲ ಆತಗ ನೆನಪೈತಿ. ಈಚಿನ ಕೆಲವು ವರ್ಷ ಅಳಿಸಿ ಹೋಗ್ಯಾವ. ಹೊಸದಂತೂ ತಲ್ಯಾಗ ನಿಲ್ಲಂಗೇ ಇಲ್ಲ.

೧. ಮೂರು ಮಾತು

ಡಾಕ್ಟರು ಪರೀಕ್ಷೆ ಮಾಡಾಕ ಕುಂತ್ರು. "ಎಮ್ಮಿ, ಗಡಿಯಾರ, ಕುಂಬಳಕಾಯಿ. ನೆನಪಿಟ್ಟುಕೋ, ಆಮ್ಯಾಲೆ ಕೇಳ್ತೀನಿ."

"ಆತ್ರಿ."

ಸ್ವಲ್ಪ ಹೊತ್ತಾದಮ್ಯಾಲೆ, "ಏನು ಹೇಳಿದ್ದೆ?" ಅಂದ್ರು.

"ನೀವು ಯಾರ್ರಿ?" ಅಂದ.

ತಾವು ಯಾರು, ಇದು ಯಾವ ಜಾಗ, ಆತ ಹೆಂಗ ಬಿದ್ದ, ಎಲ್ಲಾ ಮೊದಲಿಂದ ಹೇಳಿ ಹೇಳಿ ಸುಸ್ತಾದ ಡಾಕ್ಟರು ನನ್ನ ಕಡೆ ತಿರುಗಿದ್ರು. "ಏನಯ್ಯಾ ಕಂಪೌಂಡರ್, ಆ ಮೂರನೇದು ಏನಿತ್ತು?"

೨. ಪಾಪ, ಈಕಿನೂ

ಆತನ ಹೇಂತಿ ರೊಟ್ಟಿ, ಪುಂಡಿಪಲ್ಯ ತಂದ್ಲು. ಹೊಟ್ಟಿ ತುಂಬ ಉಂಡು, ಕೈ ಮುಗಿದು, "ಯಾರ ಮನಿಯಾಕಿ ತಾಯಿ ನೀನು?" ಅಂದ.

"ನಿಮ್ಮ ಹೇಂತಿರಿ!"

ಆತ ನನ್ನ ಕಿವಿಯಾಗ ಪಿಸುಗುಟ್ಟಿದ: "ನನಗಿನ್ನೂ ಲಗ್ನನ ಆಗಿಲ್ಲ. ಪಾಪ, ಈಕಿನೂ ಬಂಡಿ ಮ್ಯಾಲಿಂದ ಬಿದ್ದಾಳೇನ್ರಿ?"

ನನಗ ನಗು ತಡಿಯಾಕ ಆಗಲಿಲ್ಲ. ಆಕಿ ಮಾತ್ರ ಗೋಳೋ ಅಂತ ಅತ್ತಳು, ನೋಡಿ ನನಗೂ ಸಂಕಟ ಆತು. ಎಮ್ಮಿಗನೂರಿನಾಗ ಮಗ್ಗದಾಗ ಸೀರಿ ನೇಯೋ ಅಣ್ಣ ಆಕಿನ್ನ ಕರಕೊಂಡು ಹೋಗಾಕಂತನ ಬಂದು ಕುಂತಿದ್ದ. "ಗುರ್ತು ಹಿಡೀದ ಗಂಡನ ಹತ್ರ ಏನು ಬಾಳ್ವಿ ಮಾಡ್ತಿ? ನಡಿ ತವರಿಗೆ," ಅಂತಿದ್ದ.

೩. ಸೆರಗಿನ ಕೆಳಗೆ

ಅವತ್ತ ಒಬ್ಬ ಹತ್ತಿ ಸಾವ್ಕಾರ ದಲಾಲಿನ್ನ ನೋಡಾಕ ಬಂದ. ನಮ್ಮ ಪ್ಯಾಟ್ಯಾಗ ರೇಟು ಬಾಯಿಲೆ ಹೇಳಂಗಿಲ್ಲ, ಟವೆಲ್ ಕೆಳಗ ಬೆರಳು ಹಿಡಿದು ಹೇಳೂದು. ಸಾವ್ಕಾರ ರೂಢಿ ಪ್ರಕಾರ ಟವೆಲ್ ಹಾಕಿ ಕೈ ಹಿಡಿದ. ದಲಾಲಿ ಬೆರಳು ಚಕಚಕ ಆಡಿದ್ವು!

"ತಲಿ ಮರೆತ್ರೂ ಕೈ ಮರೆತಿಲ್ಲ!" ಅಂತ ಡಾಕ್ಟರು ಕುಣಿದಾಡಿದ್ರು.

ಅದನ್ನ ಕೇಳಿ ಹೇಂತಿ ಕಣ್ಣು ಒರೆಸಿಕೊಂಡು ಎದ್ಲು. ಅತ್ತಿ ಮುಂದ ಸೀರಿ ಕೇಳಾಕ ನಾಚಿಕಿ ಅಂತ ಮನ್ಯಾಗ ಗಂಡ ಹೇಂತಿ ಸೆರಗಿನ ಕೆಳಗ ಹಿಂಗ ಬೆರಳಿನಾಗ ಮಾತಾಡ್ತಿದ್ರಂತ. ಆಕಿ ಎಲ್ಲರ ಮುಂದನ ಸೆರಗು ಮುಚ್ಚಿ ಆತನ ಕೈ ಹಿಡಿದ್ಲು. ಬೆರಳು ಆಡಿದ್ವು. ಆತನ ಮಾರಿ ಕೆಂಪಾತು.

"ಡಾಕ್ಟರೇ, ನನಗ ಲಗ್ನ ಆಗಿಲ್ಲ ಖರೆ. ಆದ್ರ ಈ ತಾಯಿಗೆ ಸೀರಿ ಕೊಡಸ್ತೀನಿ ಅಂತ ಯಾಕ ಒಪ್ಪಿದೆ, ತಿಳೀವಲ್ದು!"

"ನಾಳೆ ಇದನ್ನೂ ಮರೀತಾನ. ನೀ ನಡಿ ನನ್ನ ಸಂಗಾಟ," ಅಂದ ಅಣ್ಣ.

"ಮರೀಲಿ ಬಿಡು. ನಾಳೆ ಮತ್ತ ಕೈ ಹಿಡೀತೀನಿ, ಮತ್ತ ಒಪ್ಪತಾನ. ನೀ ಊರಿಗೆ ಹೋಗಿ ಮಗ್ಗಕ್ಕ ಕುಂದ್ರಣ್ಣ, ನನಗ ದಿನಕ್ಕೊಂದು ಸೀರಿ ಬೇಕು!"