ಐಕ್ಯತೆಯ ಗೋಡೆ

ಲಿಬಿಯಾದಲ್ಲಿ ಪಶ್ಚಿಮಕ್ಕೊಂದು, ಪೂರ್ವಕ್ಕೊಂದು ಎಂದು ಎರಡು ಸರ್ಕಾರಗಳಿವೆ, ಎರಡೂ ಕಾನೂನುಬದ್ಧವಾದವು. ಅವುಗಳ ನಡುವಿನ ಗಡಿ ನಮ್ಮ ಕರಾವಳಿ ಊರಿನ ಮೇಲೆ ಆಗಾಗ ಹಾದುಹೋಗುತ್ತದೆ.

ವಲಸಿಗರ ಬಂಧನ ಕೇಂದ್ರದ ಗೋಡೆಗೆ ಹಸಿರು ಬಣ್ಣ ಬಳಿಯಬೇಕೆಂದು ಪಶ್ಚಿಮ ಸರ್ಕಾರ ಆದೇಶಿಸಿತು. ಪರವಾನಗಿಯಿಲ್ಲದ ವಲಸಿಗನಿಗೆ ಕೆಲಸ ಕೊಡುವುದು ಅಪರಾಧ. ಹಿಡಿದು ಒಳಗೆ ಹಾಕಿ ಮಾಡಿಸಿದರೆ ಅದು ಕೆಲಸವಲ್ಲ, ಶಿಸ್ತು. ಕೇಂದ್ರದ ನಿರ್ದೇಶಕ ಮಿಫ್ತಾಹ್ ಕಾನೂನಿಗೆ ತಲೆಬಾಗುವವರು. ಜೀಪು ಹತ್ತಿ ಊರಿನ ವೃತ್ತಕ್ಕೆ ಹೋದರು.

ವೃತ್ತದಲ್ಲಿ ಕೂಲಿಗಳು ತಂತಮ್ಮ ಕಸುಬಿನ ಸಾಮಾನು ಮುಂದಿಟ್ಟುಕೊಂಡು ಕೂರುತ್ತಾರೆ. ಜೀಪು ಕಂಡು ಗಾರೆಯವರು, ಪೈಪಿನವರು ದಿಕ್ಕಾಪಾಲಾದರು. ನೈಜರ್ ದೇಶದಿಂದ ಬಂದ ಗಾರ್ಬಾ ಮಾತ್ರ ಗಿರಾಕಿ ಬಂದನೆಂದು ಬಣ್ಣದ ರೋಲರನ್ನು ಎತ್ತಿ ತೋರಿಸಿದ.

"ಸಾಹೇಬ್ರೇ, ಮುಂದಿನ ತಿಂಗಳು ಮಗಳ ಮದುವೆ. ಊರಿಗೆ ಹೊರಟಿದ್ದೆ."

"ಗೋಡೆ ಮುಗಿಸು, ಹೊರಡು. ನಾವೇನು ನಿನ್ನ ಕಟ್ಟಿಹಾಕ್ತೀವಾ?" ಎಂದರು ಮಿಫ್ತಾಹ್, ಬೇಡಿ ಬಿಗಿಸುತ್ತಾ.

ಒಳಗೆ ಅವನ ಎಡಗೈಗೆ ಮಾತ್ರ ಹೊಡೆದರು. ಸರ್ಕಾರಿ ಕಾರ್ಯ ನಿಲ್ಲಬಾರದಲ್ಲ.

ಒಂದು ಮೂಲೆ ಬಾಕಿಯಿದ್ದಾಗ ಪೂರ್ವದ ಸೇನೆ ಬಂತು. ಮಿಫ್ತಾಹ್ ಜೇಬಿನಲ್ಲಿದ್ದ ಇನ್ನೊಂದು ಟೋಪಿ ಹಾಕಿಕೊಂಡರು. ಗೋಡೆ ಹಳದಿಯಾಗಬೇಕಾಯಿತು. ಹಸಿರು ಬಣ್ಣ ಮಾರಿದ ದೇಶದ್ರೋಹಕ್ಕಾಗಿ ಅಂಗಡಿಯ ಮುದುಕ ಹಾಜ್ ಅಶೂರರನ್ನು ಹಿಡಿದು ತಂದು, ಏಣಿ ಹಿಡಿಯಲು ನೇಮಿಸಲಾಯಿತು. ಅವರ ಮನೆ ಖಾಲಿ ಬೀಳಬಾರದೆಂದು ಸೈನಿಕರು ಅಲ್ಲಿ ಬಿಡಾರ ಹೂಡಿದರು.

ಹಸಿರು, ಹಳದಿ, ಮತ್ತೆ ಹಸಿರು. ಕೊನೆಗೆ ಕದನವಿರಾಮವಾಗಿ, ಗೋಡೆಯನ್ನು ಅರ್ಧರ್ಧ ಹಂಚಿಕೊಳ್ಳಲಾಯಿತು. ಗಾರ್ಬಾ ಎರಡನ್ನೂ ಮುಗಿಸಿ, ರೋಲರ್ ತೊಳೆದು, ಗಂಟು ಹಿಡಿದು ಗೇಟಿನ ಬಳಿ ನಿಂತ. ಪಾಪ, ಅಂಗಿಯನ್ನೂ ಒಗೆದು ಹಾಕಿಕೊಂಡಿದ್ದ.

ಮಿಫ್ತಾಹ್ ಪ್ರಕಟಣೆ ಓದಿದರು: "ಈ ಗೋಡೆ ರಾಷ್ಟ್ರೀಯ ಐಕ್ಯತೆಯ ಸ್ಮಾರಕವಾಗಿರುತ್ತದೆ. ಸಮುದ್ರದ ಉಪ್ಪುಗಾಳಿಗೆ ಬಣ್ಣ ಏಳುವುದರಿಂದ ಕಾಯಂ ಪೇಂಟರ್ ಅವಶ್ಯ. ಸದರಿ ಗಾರ್ಬಾನನ್ನು ಬಿಡುಗಡೆ ಮಾಡಿದಲ್ಲಿ, ಪರವಾನಗಿಯಿಲ್ಲದ ಕಾರಣ ಮರಳಿ ಕರೆಸಲಾಗದು. ಆದ್ದರಿಂದ ಬಿಡತಕ್ಕದ್ದಲ್ಲ."

ಎರಡೂ ಸರ್ಕಾರಗಳು ಒಮ್ಮತದಿಂದ ಸಹಿ ಹಾಕಿದ ಮೊದಲ ವಿಷಯವಿದು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಮಗಳ ಮದುವೆ, ಸಾಹೇಬ್ರೇ..."

"ಅದು ಯಾವತ್ತೋ ಆಗೋಯ್ತಲ್ಲೋ ಮಾರಾಯ! ಮಗೂನೂ ಆಗಿದೆಯಂತೆ. ಇನ್ನೇನು ನಿಂಗೆ ಅವಸರ?"

ಗಾರ್ಬಾ ಯೋಚಿಸಿ ನೋಡಿದ. ಮಾತಿನಲ್ಲಿ ತಪ್ಪೇನೂ ಸಿಗಲಿಲ್ಲ. ಗಂಟು ಕೆಳಗಿಟ್ಟು ಗೋಡೆಯತ್ತ ತಿರುಗಿದ.

"ಹಾಜ್, ಸ್ವಲ್ಪ ಏಣಿ ಹಿಡೀರಿ. ಹಳದಿ ಹಸಿರಿನ ಕಡೆ ಇಳಿದುಬಿಟ್ಟಿದೆ. ಮತ್ತೆ ಯುದ್ಧ ಶುರುವಾದೀತು."